ಒಂದೇ ಬಂಡೆ, ಎರಡು ಮಣ್ಣು: ಇಳಿಜಾರಿನ ಗುಂಡಿಗಳ ಕೆಲಸ ಎಲ್ಲಿಗೆ ಬಂತು

ಮಣ್ಣು ಪದರಪದರವಾಗಿ ಹೇಗಿದೆ ಎಂದು ಓದಲು ಒಂದೇ ಇಳಿಜಾರಿನಲ್ಲಿ ಮೂರು ಗುಂಡಿ ತೋಡುತ್ತಿದ್ದೇವೆ. ದಿಬ್ಬದ ಮೇಲಿನ ಗುಂಡಿ, ಹಳ್ಳದ ಬದಿಯ ಗುಂಡಿ ಎರಡೂ ಮುಗಿದಿವೆ. ನಡುವಿನದು ಬಾಕಿ. ಜಾಗ ಚಾಮರಾಜನಗರ ಕಡೆಯ ಒಣಭೂಮಿ. ಅಡಿಯಲ್ಲಿರುವುದು ಲಾಲ್‌ಬಾಗಿನ ಬಂಡೆಯ ಜಾತಿಯದೇ ನೈಸ್ ಎಂಬ ಪಟ್ಟೆಪಟ್ಟೆಯ ಕಲ್ಲು. ದಿಬ್ಬದ ಮೇಲೆ ಕೆಂಪು ಮಣ್ಣು, ಕೆಳಗೆ ಹಳ್ಳದ ಬದಿ ಕಪ್ಪು ಎರೆಮಣ್ಣು. ಎರೆ ಅಂದರೆ ವಿಜಯಪುರ ಕಡೆಯ ಬಸಾಲ್ಟಿನ (ಲಾವಾ ಆರಿ ಆದ ಕರಿಕಲ್ಲಿನ) ಮಣ್ಣು ಅಂತಲೇ ಬಹಳ ಜನರ ಲೆಕ್ಕ. ಇಲ್ಲಿ ಬಸಾಲ್ಟ್ ಇಲ್ಲ, ಆದರೂ ಎರೆ ಇದೆ. ಬಂಡೀಪುರದ ಮೂಲೆಹೊಳೆ ಜಲಾನಯನದಲ್ಲಿ ನಡೆದ ಅಧ್ಯಯನಗಳಲ್ಲೂ ನೈಸ್ ಮೇಲೆ ಇದೇ ಜೋಡಿ ಕಂಡಿದೆ.

ಗುಂಡಿಯ ಅಳತೆ: ಉದ್ದ 1.5 ಮೀ, ಅಗಲ 1 ಮೀ, ಆಳ 1.2 ಮೀ. ಇದಕ್ಕಿಂತ ಆಳ ಬೇಡ, ಅದರಲ್ಲೂ ಎರೆಯಲ್ಲಿ. ಹಸಿಯಾದಾಗ ಗೋಡೆ ಜಾರುತ್ತದೆ. ಓದುವ ಗೋಡೆಗೆ ಬಿಸಿಲು ಬೀಳುವಂತಿರಲಿ. ಆ ಬದಿಯ ಅಂಚಿನಲ್ಲಿ ಮಣ್ಣು ಸುರಿಯಬಾರದು, ತುಳಿಯಲೂ ಬಾರದು. ಮೇಲ್ಮಣ್ಣು, ಕೆಳಮಣ್ಣು ಬೇರೆ ಬೇರೆ ರಾಶಿ ಹಾಕಿದರೆ ಮುಚ್ಚುವಾಗ ಹೊಲ ಕೆಡುವುದಿಲ್ಲ. ಸನಿಕೆಯ ಏಟಿಗೆ ಗೋಡೆ ನುಣುಪಾಗಿ ಮೆತ್ತಿಕೊಂಡಿರುತ್ತದೆ. ಚಾಕುವಿನ ಮೊನೆಯಿಂದ ಸಣ್ಣಸಣ್ಣ ತುಂಡು ಕಿತ್ತು ತೆಗೆಯಬೇಕು. ಹೆರೆದರೆ ರಚನೆ ಅಳಿಸಿಹೋಗುತ್ತದೆ.

ಮೇಲಿನ ಗುಂಡಿಯಲ್ಲಿ ಬುಡದಿಂದ ಓದುವುದೇ ಸರಿ. ತಳದಲ್ಲಿ ಗರಸು: ಕಲ್ಲಿನ ಪಟ್ಟೆಗಳು ಹಾಗೇ ಇವೆ, ಆದರೆ ಉಗುರಿನಿಂದ ಒತ್ತಿದರೆ ಪುಡಿ. ಬೆಣಚುಕಲ್ಲಿನ ಹರಳು ಮಾತ್ರ ಗಟ್ಟಿ. ಫೆಲ್ಡ್‌ಸ್ಪಾರ್ ಎಂಬ ಬಿಳಿ ಖನಿಜ ಹಿಟ್ಟಾಗಿ, ಕೆಯೋಲಿನೈಟ್ ಎಂಬ ಅಷ್ಟಾಗಿ ಉಬ್ಬದ ಜೇಡಿಯ ಕಡೆಗೆ ಹೊರಟಿದೆ. ಕರಿ ಕಾಗೆಬಂಗಾರದ ಸುತ್ತ ತುಕ್ಕಿನ ಬಣ್ಣದ ಉಂಗುರ; ಒಳಗಿನ ಕಬ್ಬಿಣ ಆಮ್ಲಜನಕ ಹಿಡಿದು ಹೊರಬಂದ ಗುರುತು ಅದು. ಮಣ್ಣಿನ ಕೆಂಪೆಲ್ಲ ಇಲ್ಲಿಂದಲೇ ಶುರು. ಒಂದು ಹೆಂಟೆಯನ್ನು ಮಸೂರದಡಿ ಹಿಡಿದರೆ ಬಂಡೆಯೂ ಮಣ್ಣೂ ಒಟ್ಟಿಗೇ ಕಾಣುತ್ತವೆ. ಇಡೀ ಕೆಲಸದಲ್ಲಿ ಇದಕ್ಕಿಂತ ಚೆಂದದ ನೋಟ ಇನ್ನೊಂದಿಲ್ಲ.

ಗರಸಿನ ಮೇಲೆ ಮೂಲೆ ಮೊಂಡಾದ ಮಣ್ಣಿನ ಗಟ್ಟಿಗಳು, ಬೆರಳಿಗೆ ಸುಲಭವಾಗಿ ಬಿಡಿಯಾಗುತ್ತವೆ. 15ರಿಂದ 20 ಸೆಂ.ಮೀ. ನಡುವೆ ಮಾತ್ರ ತಟ್ಟೆ ಜೋಡಿಸಿದಂಥ ಪದರ. ಇದು ಬಂಡೆ ಕೊಟ್ಟಿದ್ದಲ್ಲ. ವರ್ಷವರ್ಷವೂ ಒಂದೇ ಆಳಕ್ಕೆ ಉತ್ತು, ಅದೂ ಹಸಿ ಇರುವಾಗ ಉತ್ತು, ಆದ ನೇಗಿಲ ತಳ. ಬೇರುಗಳು ಇಲ್ಲಿಗೆ ಬಂದು ಅಡ್ಡಕ್ಕೆ ತಿರುಗಿವೆ.

ತಪ್ಪಿದ್ದು ಕಣಗಳ ಪರೀಕ್ಷೆ, ಅಂದರೆ ಮಣ್ಣಿನಲ್ಲಿ ಮರಳೆಷ್ಟು, ಜೇಡಿಯೆಷ್ಟು ಎಂದು ನೋಡುವುದು. 50 ಗ್ರಾಂ ಒಣಮಣ್ಣು, ಅಂಟಿದ ಕಣ ಬಿಡಿಸಲು 5% ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ದ್ರಾವಣ 100 ಮಿ.ಲೀ., ಒಂದು ಲೀಟರಿನವರೆಗೆ ನೀರು. ಕಲಕಿ 40 ಸೆಕೆಂಡಿಗೆ ಕೂತದ್ದು ಮರಳು. ಮೊದಲ ಸಲ ಕೆಂಪು ಮಣ್ಣಿನಲ್ಲಿ ಮರಳು ವಿಪರೀತ ಬಂತು. ಆ 'ಮರಳನ್ನು' ಅಂಗೈಯಲ್ಲಿ ಹೆಬ್ಬೆರಳಿಂದ ತಿಕ್ಕಿದಾಗ ಕಾಳುಗಳು ಒಡೆದು ಕೈ ಕೆಂಪಾಯಿತು. ಅವು ಕಬ್ಬಿಣದ ಆಕ್ಸೈಡ್ ಅಂಟಿಸಿ ಹಿಡಿದ ಜೇಡಿಯ ಉಂಡೆಗಳು. ಈಗ ದ್ರಾವಣದಲ್ಲಿ ಇಡೀ ರಾತ್ರಿ ನೆನೆಸಿ, ಆಮೇಲೆ ಕಲಕುತ್ತಿದ್ದೇವೆ. ಜೊತೆಗೆ ತಳದಲ್ಲಿ ಕೂತ ಪದರದ ಎತ್ತರ ನೋಡುವುದನ್ನು ಬಿಟ್ಟು, ಕೂತ ಮರಳನ್ನು ತೊಳೆದು ಒಣಗಿಸಿ ತೂಗುತ್ತೇವೆ. ಎರೆಯ ಜೇಡಿ ನೀರಲ್ಲಿ ಉಬ್ಬುವುದರಿಂದ ಎತ್ತರದ ಲೆಕ್ಕ ಸುಳ್ಳು ಹೇಳುತ್ತದೆ.

ಕೆಳಗಿನ ಗುಂಡಿಯ ಕಥೆ ನೀರಿನದು. ಮೇಲಿಂದ ಬಸಿದ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ, ಸಿಲಿಕಾ ಹೊತ್ತು ತಂದು ಇಲ್ಲಿ ನಿಲ್ಲುತ್ತದೆ. ತೊಳೆದುಹೋದ ಕಡೆ ಕೆಯೋಲಿನೈಟ್ ಆದರೆ, ಕೂಡಿಬಿದ್ದ ಕಡೆ ಉಬ್ಬುವ ಜೇಡಿಯಾದ ಸ್ಮೆಕ್ಟೈಟ್ ಹುಟ್ಟುತ್ತದೆ. ಸುಣ್ಣದ ಹರಳುಗಳೂ ಇಲ್ಲೇ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿಗೆ ಬುರುಗು ಏಳುತ್ತದೆ. ಕಪ್ಪು ಬಣ್ಣ ನೋಡಿ ಸಾವಯವ ಅಂಶ ಹೆಚ್ಚಿದೆ ಅಂದುಕೊಳ್ಳಬೇಡಿ. ಸ್ವಲ್ಪವೇ ಹ್ಯೂಮಸ್ (ಕೊಳೆತ ಸಾವಯವ ಅಂಶ) ಈ ಜೇಡಿಗೆ ಬಿಗಿಯಾಗಿ ಅಂಟಿದರೂ ಸಾಕು, ಮಣ್ಣು ಕಪ್ಪಾಗುತ್ತದೆ.

60 ಸೆಂ.ಮೀ. ಕೆಳಗೆ ಓರೆಯಾದ ಬೆಣೆಯಾಕಾರದ ಗಟ್ಟಿಗಳು, ಅವುಗಳ ಮೈ ಎಣ್ಣೆ ಸವರಿದಂತೆ ಮಿರುಗು, ಮೇಲೆ ಸಣ್ಣ ಗೀರುಗಳು. ಉಬ್ಬುವಾಗ ಒಂದರ ಮೇಲೊಂದು ಜಾರಿ ಉಜ್ಜಿದ ಗುರುತು. ಬೇಸಿಗೆಯಲ್ಲಿ ಬಿರುಕಿಗೆ ಉದುರಿದ ಮೇಲ್ಮಣ್ಣು ಆಳಕ್ಕೆ ಇಳಿದಿರುವುದರಿಂದ ಇಲ್ಲಿ ಪದರಗಳ ಗಡಿ ಹುಡುಕಿದರೂ ಸಿಗುವುದಿಲ್ಲ.

ಕುಗ್ಗುವಿಕೆ ಅಳೆಯಲು: ಮಣ್ಣನ್ನು ಜರಡಿ ಹಿಡಿದು ಕಣಕದ ಹದಕ್ಕೆ ಕಲಸಿ, ಒಂದು ದಿನ ಬಿಟ್ಟು, ತುದಿ ಕತ್ತರಿಸಿದ ಸಿರಿಂಜಿನಿಂದ 10 ಸೆಂ.ಮೀ. ಕಡ್ಡಿ ಒತ್ತಿ, ನೆರಳಲ್ಲಿ 48 ಗಂಟೆ ಒಣಗಿಸುವುದು. ಬಿಸಿಲಲ್ಲಿಟ್ಟರೆ ಕಡ್ಡಿ ಬಾಗಿ ಸೀಳುತ್ತದೆ. ಕೆಂಪಿನ ಕಡ್ಡಿ 9.8ಕ್ಕೆ ನಿಂತಿತು, ಎರೆಯದು 8.8ಕ್ಕೆ. ಎಷ್ಟು ಕುಗ್ಗಿತೋ ಅಷ್ಟು ಉದ್ದವನ್ನು ಒಣ ಕಡ್ಡಿಯ ಉದ್ದದಿಂದ ಭಾಗಿಸಿದರೆ ಕ್ರಮವಾಗಿ 0.02 ಮತ್ತು 0.136. 0.09 ದಾಟಿದರೆ ಬಹಳ ಹೆಚ್ಚು. ಅಂಥ ನೆಲದಲ್ಲಿ ಆಳವಿಲ್ಲದ ಪಾಯದ ಗೋಡೆ ಬಿರಿಯುತ್ತದೆ.

ಮುಂದಿನ ಕೆಲಸ, ನಡುವಿನ ಗುಂಡಿಗೆ ಸರಿಯಾದ ಜಾಗ ಹಿಡಿಯುವುದು. ಕೆಂಪು ಎಲ್ಲಿ ಎರೆಯಾಗುತ್ತದೆ ಎಂದು ಮೇಲ್ಮೈ ನೋಡಿ ಹೇಳಲಾಗದು, ಉಳುಮೆ ಎರಡನ್ನೂ ಬೆರೆಸಿದೆ. ಇಳಿಜಾರಿನುದ್ದಕ್ಕೂ 5 ಮೀಟರಿಗೊಂದರಂತೆ ಕೈ ಬೈರಿಗೆಯಿಂದ ಒಂದು ಮೀಟರ್ ಆಳದ ಮಣ್ಣು ತೆಗೆದು, ಆಮ್ಲದ ಹನಿಗೆ ಮೊದಲು ಬುರುಗು ಬರುವ ತೂತಿನ ಪಕ್ಕದಲ್ಲೇ ಅಗೆಯುತ್ತೇವೆ.