ನಮಗೆ ಯಾಕೆ ಕೆಮಿಸ್ಟ್ರಿ ಅಂತ ಕೇಳುವವರಿಗೆ

ಪದವಿಯ ಮೊದಲ ವರ್ಷದವರಿಗೆ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ನನ್ನ ಕ್ಲಾಸಿನಲ್ಲಿ ಮುಂದೆಯೂ ಕೆಮಿಸ್ಟ್ರಿಯನ್ನೇ ಓದುವವರು ಕಡಿಮೆ. ಬಯಾಲಜಿಯವರು, ಫಿಸಿಕ್ಸಿನವರು, ಭೂವಿಜ್ಞಾನದವರು, ಪರಿಸರ ವಿಜ್ಞಾನದವರು ಎಲ್ಲ ಒಟ್ಟಿಗೆ ಕೂತಿರುತ್ತಾರೆ. ಹಾಗಾಗಿ ವರ್ಷವಿಡೀ ಒಂದೇ ಪ್ರಶ್ನೆ: "ನಮ್ಮ ಸಬ್ಜೆಕ್ಟೇ ಬೇರೆ, ನಮಗೆ ಯಾಕೆ ಕೆಮಿಸ್ಟ್ರಿ?" ಮಕ್ಕಳು ಕೇಳುತ್ತಾರೆ, ಅವರ ಅಪ್ಪ ಅಮ್ಮ ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಇಲ್ಲೇ ಓದಿಕೊಳ್ಳಿ.

ಬೇಕು. ನಿಮ್ಮ ಸಬ್ಜೆಕ್ಟ್ ಬೇರೆ ಅಂತ ನಿಮಗೆ ಹೇಳಿದವರು ಯಾರು?

ಇದಕ್ಕಿಂತ ಜಾಸ್ತಿ ಸಿಟ್ಟು ಬರುವುದು ಇದೇ ಪ್ರಶ್ನೆಯನ್ನು ಇನ್ನೊಂದು ಥರ ಕೇಳಿದಾಗ. ಒಬ್ಬ ಬಯಾಲಜಿ ಹುಡುಗ ಪರೀಕ್ಷೆಗೆ ಮುಂಚೆ ಬಂದು, "ಮೇಡಂ, ನಾವು ಯಾವ ಚಾಪ್ಟರ್ ಬಿಟ್ಟರೆ ನಡೆಯುತ್ತೆ? ಈಕ್ವಿಲಿಬ್ರಿಯಂ ಬಿಡಬಹುದಾ? ಅದು ಸುಮ್ನೆ ಲೆಕ್ಕ ಅಲ್ವಾ?" ಅಂದ. ಈಕ್ವಿಲಿಬ್ರಿಯಂ ಅಂದರೆ ಮುಂದಕ್ಕೂ ಹಿಂದಕ್ಕೂ ನಡೆಯುವ ಕ್ರಿಯೆ ಸಮತೋಲಕ್ಕೆ ಬರುವುದು. ಬಿಟ್ಟುಬಿಡೋಣ ಅಂತ ಅವನು ಆರಿಸಿಕೊಂಡಿದ್ದು ಅವನ ಮೈಯಲ್ಲೇ ಓಡುತ್ತಿದ್ದ ಚಾಪ್ಟರು.

ಪಿಎಚ್ ಅಂದರೆ ಆಸಿಡ್ ಗುಣದ ಅಳತೆ; ಹೈಡ್ರೋಜನ್ ಅಯಾನುಗಳು ಜಾಸ್ತಿಯಾದಷ್ಟೂ ಅದು ಇಳಿಯುತ್ತದೆ. ರಕ್ತದ ಪಿಎಚ್ 7.35ರಿಂದ 7.45ರ ಒಳಗೆ ಇರಬೇಕು. ಅದನ್ನು ಅಲ್ಲಿ ಹಿಡಿದಿಡುವುದರಲ್ಲಿ ದೊಡ್ಡ ಪಾಲು ಕಾರ್ಬನ್ ಡೈಆಕ್ಸೈಡ್ ಮತ್ತು ಬೈಕಾರ್ಬನೇಟ್‌ಗಳದ್ದು. ಕಾರ್ಬನ್ ಡೈಆಕ್ಸೈಡ್ ನೀರಿನಲ್ಲಿ ಕರಗಿ ಕಾರ್ಬೋನಿಕ್ ಆಸಿಡ್ ಆಗುತ್ತದೆ. ಅದು ಒಡೆದು ಹೈಡ್ರೋಜನ್ ಅಯಾನು ಮತ್ತು ಬೈಕಾರ್ಬನೇಟ್ ಆಗುತ್ತದೆ. ಸಮೀಕರಣದಲ್ಲಿ ಬಾಣ ಎರಡೂ ಕಡೆಗೆ, ಅಂದರೆ ಕ್ರಿಯೆ ಹಿಂದಕ್ಕೂ ನಡೆಯುತ್ತದೆ. ಗಾಬರಿಯಲ್ಲಿ ಜೋರಾಗಿ ಉಸಿರಾಡಿದರೆ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಹೊರಹೋಗುತ್ತದೆ. ಆಗ ಹೈಡ್ರೋಜನ್ ಅಯಾನುಗಳು ಕಡಿಮೆಯಾಗಿ ಪಿಎಚ್ ಏರುತ್ತದೆ. ಉಸಿರು ಬಿಗಿಹಿಡಿದರೆ ಇದರ ಉಲ್ಟಾ. ಈ ಬಾಣ ಅರ್ಥವಾಗದೆ ಫಿಸಿಯಾಲಜಿಯ ಆ ಪಾಠವನ್ನು ಬಾಯಿಪಾಠ ಮಾಡಬಹುದು, ಅಷ್ಟೆ. ಇನ್ನು ಪಿಎಚ್ ಅನ್ನುವ ಅಳತೆಯನ್ನೇ ತೆಗೆದುಕೊಳ್ಳಿ. ಅದನ್ನು 1909ರಲ್ಲಿ ಡೆನ್ಮಾರ್ಕಿನ ಕೆಮಿಸ್ಟ್ ಸೋರೆನ್‌ಸೆನ್ ಕೊಟ್ಟಿದ್ದು ಎಂಜೈಮ್‌ಗಳ ಮೇಲೆ ಕೆಲಸ ಮಾಡುವಾಗ. ಅದು ಬಯಾಲಜಿಯವರ ಮನೆಯದ್ದೇ ಸಾಮಾನು.

ಫಿಸಿಕ್ಸಿನವರ ವಾದ ಬೇರೆ. "ಕೆಮಿಸ್ಟ್ರಿ ಎಲ್ಲ ಕ್ವಾಂಟಂ ಮೆಕ್ಯಾನಿಕ್ಸ್‌ನಿಂದಲೇ ಬರುತ್ತೆ ಅಂತ ಡಿರಾಕ್ ಹೇಳಿದ್ದಾರೆ." ಹೌದು, ಭೌತವಿಜ್ಞಾನಿ ಡಿರಾಕ್ 1929ರಲ್ಲಿ ಹೇಳಿದ್ದಾರೆ. ಕೆಮಿಸ್ಟ್ರಿಗೆ ಬೇಕಾದ ಮೂಲ ನಿಯಮಗಳೆಲ್ಲ ಗೊತ್ತಾಗಿವೆ ಅಂದರು. ಅದೇ ಉಸಿರಿನಲ್ಲಿ, ಅವುಗಳಿಂದ ಬರುವ ಸಮೀಕರಣಗಳನ್ನು ಬಿಡಿಸೋಕೆ ಆಗದಷ್ಟು ಜಟಿಲ ಅಂತಲೂ ಅಂದರು. ಇವರು ಎರಡನೆಯ ಭಾಗ ಬಿಟ್ಟು ಹೇಳುತ್ತಾರೆ.

ನನಗೆ ನಿಜಕ್ಕೂ ಬೇಕಾದ ಪ್ರಶ್ನೆ ಬಂದಿದ್ದು ಲ್ಯಾಬಿನಲ್ಲಿ, ಭೂವಿಜ್ಞಾನದ ಒಬ್ಬಳು ಹುಡುಗಿಯಿಂದ. ಟೈಟ್ರೇಶನ್ ನಡೆಯುತ್ತಿತ್ತು, ಅಂದರೆ ಆಸಿಡ್ ಎಷ್ಟಿದೆ ಅಂತ ಹನಿ ಹನಿಯಾಗಿ ಕ್ಷಾರ ಬಿಟ್ಟು ಅಳೆಯುವುದು. ಬ್ಯೂರೆಟ್ಟಿನಲ್ಲಿ (ಅಳತೆಯ ಗೆರೆಗಳಿರುವ ಉದ್ದ ಕೊಳವೆ) ಸೋಡಿಯಂ ಹೈಡ್ರಾಕ್ಸೈಡ್ ಅನ್ನುವ ಕ್ಷಾರ, ಫ್ಲಾಸ್ಕಿನಲ್ಲಿ ಆಸಿಡ್, ಜೊತೆಗೆ ಎರಡು ಹನಿ ಫಿನಾಲ್ಫ್ತಲೀನ್, ಆಸಿಡ್‌ನಲ್ಲಿ ಬಣ್ಣವಿಲ್ಲದೆ ಇದ್ದು ಕ್ಷಾರದಲ್ಲಿ ಗುಲಾಬಿಯಾಗುವ ಸೂಚಕ. ಒಂದೊಂದೇ ಹನಿ ಬಿಟ್ಟು, ಫ್ಲಾಸ್ಕ್ ಅಲ್ಲಾಡಿಸಿ, ತೆಳು ಗುಲಾಬಿ ಬಣ್ಣ ನಿಂತ ಮೇಲೆ ರೀಡಿಂಗ್ ಬರೆದುಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಫ್ಲಾಸ್ಕಿನಲ್ಲಿ ಬಣ್ಣವೇ ಇಲ್ಲ. ಪಕ್ಕದವರು "ಇನ್ನೊಂದು ಹನಿ ಹಾಕು" ಅಂದರು. ಅವಳು ಹಾಕಲಿಲ್ಲ. ನನ್ನ ಹತ್ತಿರ ಬಂದು, "ಮೇಡಂ, ನಾನು ಮುಟ್ಟಲೇ ಇಲ್ಲ. ಬಣ್ಣ ಎಲ್ಲಿ ಹೋಯ್ತು?" ಅಂದಳು.

ಎಂಥ ಪ್ರಶ್ನೆ! ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಆ ಫ್ಲಾಸ್ಕಿಗೆ ಇಳಿದಿತ್ತು. ಎಂಡ್ ಪಾಯಿಂಟ್ (ಬಣ್ಣ ಬದಲಾಗುವ ಹಂತ) ದಾಟಿ ಉಳಿದಿರುವ ಹೈಡ್ರಾಕ್ಸೈಡ್ ತೀರಾ ಸ್ವಲ್ಪ, ಅದನ್ನು ಮುಗಿಸೋಕೆ ಅಷ್ಟು ಸಾಕು. ಪಿಎಚ್ 8ರ ಆಸುಪಾಸಿಗೆ ಇಳಿದರೆ ಫಿನಾಲ್ಫ್ತಲೀನ್ ಬಣ್ಣ ಬಿಟ್ಟುಬಿಡುತ್ತದೆ. ಅವಳ ರೀಡಿಂಗ್ ಸರಿಯಾಗಿಯೇ ಇತ್ತು.

ಅವತ್ತು ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ನಿನ್ನ ಸುಣ್ಣಕಲ್ಲಿನ ಗುಹೆಗಳಲ್ಲಿ ನಡೆಯುವುದೂ ಇದೇ. ಮಳೆನೀರು ಮಣ್ಣಿನೊಳಗೆ ಇಳಿಯುವಾಗ ಕಾರ್ಬನ್ ಡೈಆಕ್ಸೈಡ್ ಹೊತ್ತುಕೊಂಡು, ಸುಣ್ಣಕಲ್ಲನ್ನು ಕರಗಿಸಿಕೊಂಡು ಹೋಗುತ್ತದೆ. ಗುಹೆಯ ಚಾವಣಿಯಲ್ಲಿ ಹನಿ ನೇತಾಡುವಾಗ ಆ ಅನಿಲ ಹೊರಬೀಳುತ್ತದೆ, ಬಾಣ ಹಿಂದಕ್ಕೆ ತಿರುಗುತ್ತದೆ, ಕರಗಿದ್ದ ಸುಣ್ಣ ಮತ್ತೆ ಕಲ್ಲಾಗಿ ಕೂರುತ್ತದೆ. ಪರಿಸರ ವಿಜ್ಞಾನದವರಿಗೆ ಇದೇ ಸಮೀಕರಣ ಸಮುದ್ರದಲ್ಲಿ ಸಿಗುತ್ತದೆ. ಕೈಗಾರಿಕೆಗಳು ಶುರುವಾದ ಮೇಲೆ ಸಮುದ್ರದ ಮೇಲ್ಪದರದ ಪಿಎಚ್ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ಬರೀ 0.1 ತಾನೇ ಅನ್ನುವವರು ಲಾಗರಿದಮ್ ಪುಟ ತೆರೆಯಲಿ; ಪಿಎಚ್ ಒಂದು ಇಳಿದರೆ ಹೈಡ್ರೋಜನ್ ಅಯಾನುಗಳು ಹತ್ತು ಪಟ್ಟಾಗುತ್ತವೆ. ಹೈಡ್ರೋಜನ್ ಅಯಾನುಗಳು ಕಾಲು ಭಾಗಕ್ಕಿಂತ ಜಾಸ್ತಿ ಹೆಚ್ಚಾಗಿವೆ. ಚಿಪ್ಪು ಕಟ್ಟಿಕೊಳ್ಳುವ ಜೀವಿಗಳಿಗೆ, ಹವಳಗಳಿಗೆ ಅದು ಸಣ್ಣ ವಿಷಯ ಅಲ್ಲ.

ರಕ್ತ, ಗುಹೆ, ಸಮುದ್ರ, ಲ್ಯಾಬಿನ ಫ್ಲಾಸ್ಕ್. ನಾಲ್ಕು ಡಿಪಾರ್ಟ್‌ಮೆಂಟಿನವರನ್ನು ಒಂದೇ ಕ್ಲಾಸಿನಲ್ಲಿ ಕೂರಿಸುವುದು ಇದಕ್ಕೇ. "ಇದು ನನ್ನ ಸಬ್ಜೆಕ್ಟಿನಲ್ಲಿ ಎಲ್ಲಿ ಬರುತ್ತೆ?" ಅಂತ ಕೇಳಿ. ಪಾಠ ನಿಲ್ಲಿಸಿ ಉತ್ತರ ಕೊಡುತ್ತೇನೆ.

ಒಂದು ಮಾತು ಒಪ್ಪುತ್ತೇನೆ. ಎಷ್ಟೋ ಕಡೆ ಈ ಕೋರ್ಸನ್ನು ಎಲ್ಲರೂ ಮುಂದೆ ಕೆಮಿಸ್ಟ್ರಿಯನ್ನೇ ಓದುತ್ತಾರೆ ಅನ್ನುವ ಹಾಗೆ ಕಲಿಸುತ್ತಾರೆ. ಬಯಾಲಜಿಯವರ ಮುಂದೆ ರಕ್ತದ ಲೆಕ್ಕ ಇಡದೆ, ತಲೆಬುಡ ಇಲ್ಲದ ಯಾವುದೋ ದ್ರಾವಣದ ಪಿಎಚ್ ಕಂಡುಹಿಡಿ ಅಂದರೆ ಯಾರಿಗಾದರೂ ಬೇಜಾರೇ. ಆ ತಕರಾರು ನ್ಯಾಯವಾದದ್ದು. ಅದನ್ನು ಮೇಷ್ಟ್ರ ಹತ್ತಿರ ಜೋರಾಗಿಯೇ ಹೇಳಿ. ಚಾಪ್ಟರ್ ಮಾತ್ರ ಬಿಡಬೇಡಿ.