ಬುದ್ಧಿಮಾತು ನುಂಗಿಕೊಂಡ ರಾತ್ರಿ

ಹುಡುಗಿಯರ ಹಾಸ್ಟೆಲ್ಲಿನಲ್ಲಿ ನಾನು ವಾರ್ಡನ್ ಆಗಿ ಒಂಬತ್ತು ವರ್ಷವಾಯಿತು. ಸಾರಿಗೆ ಬೇಳೆ ಎಷ್ಟು, ಗೇಟಿಗೆ ಬೀಗ ಎಷ್ಟು ಹೊತ್ತಿಗೆ, ಇದೆಲ್ಲ ಮೊದಲ ತಿಂಗಳಲ್ಲೇ ಕಲಿತೆ. ಅಳುವ ಹುಡುಗಿಯ ಪಕ್ಕ ಹೇಗೆ ಕೂರಬೇಕು ಅನ್ನೋದನ್ನು ಕಲಿಯಲು ಏಳು ವರ್ಷ ಹಿಡಿಯಿತು.

ಮೊದಲೆಲ್ಲ ನನ್ನ ಹತ್ತಿರ ಇದ್ದಿದ್ದು ಒಂದೇ ಮದ್ದು, ಬುದ್ಧಿಮಾತು. "ಇಷ್ಟಕ್ಕೆಲ್ಲ ಅಳ್ತಾರೇನೇ? ಅಪ್ಪ ಅಮ್ಮ ಎಷ್ಟು ಕಷ್ಟಪಟ್ಟು ಓದಿಸ್ತಿದಾರೆ ನೋಡು." ಹುಡುಗಿಯರು ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಸಮಾಧಾನ ಆಯ್ತು ಅಂದುಕೊಳ್ಳುತ್ತಿದ್ದೆ. ಅವರು ನನ್ನ ಹತ್ತಿರ ಬರುವುದನ್ನೇ ಬಿಟ್ಟಿದ್ದರು, ಅಷ್ಟೇ.

ಎರಡು ವರ್ಷದ ಹಿಂದೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಒಂದು ದಿನದ ತರಬೇತಿ ಇಟ್ಟಿದ್ದರು. ಊಟ ಚೆನ್ನಾಗಿರುತ್ತೆ ಅಂತ ಹೋದವಳು ನಾನು. "ಸಾಯೋ ಯೋಚನೆ ಬರ್ತಿದೆಯಾ ಅಂತ ನೇರವಾಗಿ ಕೇಳಿ" ಅಂದರು. ಹಾಗೆ ಕೇಳಿದ್ರೆ ನಾವೇ ತಲೆಗೆ ಹಾಕಿದ ಹಾಗಾಗಲ್ವಾ ಅಂತ ನಾನೇ ಎದ್ದು ಕೇಳಿದೆ. ಹಾಗಾಗಲ್ಲ, ಒಳಗೆ ಇರೋದನ್ನ ಹೇಳಿಕೊಳ್ಳೋಕೆ ದಾರಿ ಸಿಗುತ್ತೆ ಅಂದರು. ಪೂರ್ತಿ ನಂಬಿಕೆ ಬರಲಿಲ್ಲ.

ಆ ವರ್ಷವೇ, ಪಿಯು ಪರೀಕ್ಷೆಗೆ ಎರಡು ವಾರ ಇರುವಾಗ, ರಾತ್ರಿ ಹನ್ನೊಂದೂವರೆಗೆ ಒಬ್ಬಳು ಬಂದು ಬಾಗಿಲು ಬಡಿದಳು. ಅವಳ ರೂಮ್‌ಮೇಟ್ ಮೂಲೆಯಲ್ಲಿ ಕೂತು ನಡುಗುತ್ತಿದ್ದಳು. ಉಸಿರು ಜೋರು, ಕೈ ತಣ್ಣಗೆ. ಸುತ್ತ ನಿಂತಿದ್ದ ಹುಡುಗಿಯರನ್ನು ಕಳಿಸಿದೆ. ನೀರು ತರಿಸಿ, ನಾನೂ ನೆಲದ ಮೇಲೆ ಕೂತೆ. "ನನ್ನ ಜೊತೆ ನಿಧಾನಕ್ಕೆ ಉಸಿರು ಬಿಡು" ಅಂದೆ. ಆಮೇಲೆ ಸುಮ್ನೆ ಕೂತೆ. ಬುದ್ಧಿಮಾತು ಎಷ್ಟು ಸಲ ನಾಲಿಗೆ ತುದಿಗೆ ಬಂತೋ! ಅಷ್ಟು ಕಷ್ಟದ ಕೆಲಸ ಈ ನೌಕರಿಯಲ್ಲಿ ಬೇರೆ ಮಾಡಿಲ್ಲ.

ಉಸಿರು ಹದಕ್ಕೆ ಬಂದ ಮೇಲೆ ಕೇಳಿದೆ. "ಸಾಯ್ಬೇಕು ಅನ್ನಿಸ್ತಿದೆಯಾ ಪುಟ್ಟಾ?" ಹೌದು ಅಂತ ತಲೆಯಾಡಿಸಿದಳು. ಒಂದು ಗಂಟೆ ಮಾತಾಡಿದಳು.

"ಯಾರಿಗೂ ಹೇಳ್ಬೇಡಿ ಮೇಡಂ" ಅಂದಾಗ ಮಾತ್ರ ಕಷ್ಟವಾಯಿತು. ಮೊದಲಾಗಿದ್ದರೆ ಆಣೆ ಇಟ್ಟುಬಿಡುತ್ತಿದ್ದೆ. "ಊರಿಗೆಲ್ಲ ಹೇಳಲ್ಲ. ನಿನ್ನ ಕಾಪಾಡೋರಿಗೆ ಹೇಳಲೇಬೇಕು. ಮೊದಲು ಯಾರಿಗೆ, ನೀನೇ ಹೇಳು" ಅಂದೆ. ಅಪ್ಪ ಬೇಡ, ಚಿಕ್ಕಮ್ಮ ಅಂದಳು. ಚಿಕ್ಕಮ್ಮನಿಗೆ ಫೋನ್ ಮಾಡಿದೆವು. ಆಮೇಲೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆ ರಾತ್ರಿ ಅವಳ ಹಾಸಿಗೆಯನ್ನು ನನ್ನ ಕೋಣೆಗೇ ತಂದೆ. ಅವಳು ಮಲಗಿದಳು, ನಾನು ಮಲಗಲಿಲ್ಲ. ಬೆಳಿಗ್ಗೆ ಚಿಕ್ಕಮ್ಮ ಬಂದರು. ಮೂವರೂ ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಹೋದೆವು.

ಆ ನಂಬರನ್ನು ದೊಡ್ಡದಾಗಿ ಬರೆದು ಊಟದ ಹಾಲಿನಲ್ಲಿ ಅಂಟಿಸಿದ್ದೆ. ತಿಂಗಳಾದ ಮೇಲೆ ಅವಳೇ ಬಂದು ಹೇಳಿದಳು: "ಅಲ್ಲಿ ನಿಂತು ಬರ್ಕೊಂಡ್ರೆ ಎಲ್ಲರೂ ನೋಡ್ತಾರೆ ಮೇಡಂ." ಈಗ ಅದು ಬಚ್ಚಲುಮನೆ ಬಾಗಿಲುಗಳ ಒಳಗಡೆ ಇದೆ.