ಧಾರವಾಡ, ಶಂಕರಘಟ್ಟ, ಕೊಣಾಜೆ ಮತ್ತು ನಾನು

ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ನಾನು ಭೂವಿಜ್ಞಾನ ಓದಿದ್ದು 2006ರಿಂದ 2008ರವರೆಗೆ. ಆ ಎರಡು ವರ್ಷ ನನಗೆ ತುಂಬ ಹತ್ತಿರವಾಗಿದ್ದ ಮೂವರಲ್ಲಿ ಒಬ್ಬರೂ ಗಂಗೋತ್ರಿಯೊಳಗೆ ಕಾಲಿಟ್ಟವರಲ್ಲ. ಒಬ್ಬ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುತ್ತಿದ್ದ. ಒಬ್ಬಳು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನ. ಇನ್ನೊಬ್ಬ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಎಲ್ಲರೂ ಸಿಕ್ಕಿದ್ದು ಆರ್ಕುಟ್‌ನಲ್ಲಿ, ಅದೂ ಹಾಸ್ಟೆಲ್ ಸಾಂಬಾರಿನ ಬಗ್ಗೆ ನಡೆದ ಒಂದು ಜಗಳದಲ್ಲಿ. ಯಾರ ಮೆಸ್ಸಿನ ಸಾಂಬಾರು ಹೆಚ್ಚು ನೀರು ಅನ್ನೋದು ವಿಷಯ. ಕೊನೆಗೂ ತೀರ್ಮಾನ ಆಗಲಿಲ್ಲ.

ಹೆಸರು ಹಿಡಿದು ಕರೆಯುವ ಅಭ್ಯಾಸ ನಮಗೆ ಬರಲೇ ಇಲ್ಲ. ಊರ ಹೆಸರೇ ಹೆಸರು. ಈಗಲೂ ಹಾಗೇ. ಮೊನ್ನೆ ಬಹಳ ವರ್ಷಗಳ ಮೇಲೆ ನಾಲ್ವರೂ ವಿಡಿಯೋ ಕಾಲ್‌ನಲ್ಲಿ ಸೇರಿದೆವು. ನನ್ನ ಮುಖ ಪರದೆಯ ಮೇಲೆ ಬಂದದ್ದೇ ತಡ, ಧಾರವಾಡ ಶುರು ಮಾಡಿದ: "ಏನಲೇ ಮೈಸೂರ, ಇನ್ನೂ ಕಲ್ಲ ಒಡ್ಯಾಕ ಹತ್ತೀಯೇನು?" ಅವನ ತಲೆಕೂದಲು ಅರ್ಧ ಹೋಗಿದೆ. ಹಾವೇರಿ ಕಡೆ ಪಿಯು ಕಾಲೇಜಿನಲ್ಲಿ ಲೆಕ್ಚರರ್. ಕೊಣಾಜೆ ದೋಹಾದಲ್ಲಿದ್ದಾನೆ, ಶಂಕರಘಟ್ಟ ಬೆಂಗಳೂರಿನಲ್ಲಿ. ನಾನು ಇನ್ನೂ ಕಲ್ಲನ್ನೇ ನಂಬಿಕೊಂಡಿದ್ದೇನೆ. ಅಂತರ್ಜಲದ ಕೆಲಸ, ಅಂದರೆ ಊರೂರು ತಿರುಗಿ ಬೋರ್‌ವೆಲ್ ಪಾಯಿಂಟ್ ನೋಡುವುದು. ತೆಂಗಿನಕಾಯಿ ಹಿಡಿದು ಬರುವವರ ಜೊತೆ ಪೈಪೋಟಿ. ಅದರ ಕತೆ ಇಲ್ಲಿ ಬೇಡ.

ಈಗಿನ ವಿದ್ಯಾರ್ಥಿಗಳಿಗೆ ಆರ್ಕುಟ್ ಅಂದರೆ ಗೊತ್ತಿರಲಿಕ್ಕಿಲ್ಲ. ಗೂಗಲ್ 2004ರ ಜನವರಿಯಲ್ಲಿ ಶುರು ಮಾಡಿ, 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿದ ಜಾಲತಾಣ. ಒಬ್ಬರ ಪುಟಕ್ಕೆ ಹೋಗಿ ಬರೆಯುವುದಕ್ಕೆ ಸ್ಕ್ರ್ಯಾಪ್ ಅಂತ ಹೆಸರು. ಗೆಳೆಯರಿಗೆ 'ಕೂಲ್' ಅಂತ ಮಂಜುಗಡ್ಡೆ ಕೊಡಬಹುದಿತ್ತು, ಹೊಗಳಿ ಟೆಸ್ಟಿಮೋನಿಯಲ್ ಬರೆಯಬಹುದಿತ್ತು. ನಾನು ಬರೆಯುತ್ತಿದ್ದದ್ದು ಪಡುವಾರಹಳ್ಳಿಯ ಒಂದು ಸೈಬರ್ ಕೆಫೆಯಿಂದ. ಗಂಟೆಗೆ 15 ರೂಪಾಯಿ. ಪ್ಲೈವುಡ್ ಗೂಡು, ಅದಕ್ಕೊಂದು ಪರದೆ, ಅಕ್ಷರ ಸವೆದ ಕೀಬೋರ್ಡು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಕುಟ್ಟುತ್ತಿದ್ದೆವು. ಕನ್ನಡ ಟೈಪ್ ಮಾಡುವ 'ಬರಹ' ತಂತ್ರಾಂಶ ಹಾಕಿದ್ದ ಕಂಪ್ಯೂಟರು ಅಲ್ಲಿ ಒಂದೇ ಇತ್ತು, ಅದು ಖಾಲಿ ಸಿಕ್ಕಿದ ದಿನ ಹಬ್ಬ. ಉದ್ದಕ್ಕೆ ಬರೆದು ಇನ್ನೇನು ಕಳಿಸಬೇಕು ಅನ್ನುವಾಗ ಕರೆಂಟು ಹೋದರೆ ಅಕ್ಕಪಕ್ಕದ ಗೂಡುಗಳಿಂದೆಲ್ಲ ಒಟ್ಟಿಗೆ "ಅಯ್ಯೋ" ಅನ್ನುವ ಸದ್ದು ಬರುತ್ತಿತ್ತು.

ನಮ್ಮ ನಾಲ್ವರ ಮಾತು ಸಿನಿಮಾ, ಪ್ರೀತಿ, ಪರೀಕ್ಷೆ ಎಲ್ಲ ಸುತ್ತಿ ಬಂದು ನಿಲ್ಲುತ್ತಿದ್ದದ್ದು ಅವರವರ ಕ್ಯಾಂಪಸ್ಸಿನಲ್ಲಿ. ನನಗೆ ಮೊದಮೊದಲು ಮೈಸೂರಿನ ಜಂಬ. ನಮ್ಮದು 1916ರ ವಿಶ್ವವಿದ್ಯಾಲಯ, ನಿಮ್ಮದೆಲ್ಲ ಈಚಿನದು ಅಂತ. ಕೊಣಾಜೆಗಂತೂ ಯಾವಾಗಲೂ ಹೇಳುತ್ತಿದ್ದೆ: 1980ಕ್ಕೆ ಮೊದಲು ನೀವು ನಮ್ಮ ಸ್ನಾತಕೋತ್ತರ ಕೇಂದ್ರ, ಬಾಡಿಗೆ ಇನ್ನೂ ಬಾಕಿ ಇದೆ. ಶಂಕರಘಟ್ಟವೂ ಅಷ್ಟೇ, 1987ರಲ್ಲಿ ಬೇರೆಯಾಗುವವರೆಗೆ ಅಲ್ಲೇ ಭದ್ರಾ ಅಣೆಕಟ್ಟಿನ ಊರಾದ ಬಿ.ಆರ್. ಪ್ರಾಜೆಕ್ಟಿನಲ್ಲಿ ಇದ್ದದ್ದು ಮೈಸೂರಿನ ಪಿಜಿ ಸೆಂಟರ್. ಅವಳು ಸುಮ್ಮನಿರುವವಳಲ್ಲ. "ನಿಮ್ಮ ಗಂಗೋತ್ರಿಗೆ ಹೆಸರಿಟ್ಟವರ ಹೆಸರೇ ನಮ್ಮ ವಿಶ್ವವಿದ್ಯಾಲಯಕ್ಕಿದೆ ಕಣೋ, ಈಗ ಹೇಳು ಯಾರು ಯಾರಿಗೆ ಬಾಕಿ" ಅಂದಳು. ಉತ್ತರ ಇರಲಿಲ್ಲ.

ಧಾರವಾಡ ಮಾತ್ರ ಈ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಅವರದು ಮುಂಬೈ ಕರ್ನಾಟಕದ ಕತೆ, ಅಲ್ಲಿ ಕುಲಪತಿಯಾಗಿದ್ದ ಡಿ.ಸಿ. ಪಾವಟೆಯವರ ಕತೆ. ಅವನ ಹತ್ತಿರ ನಾನು ಸೋತದ್ದು ಇನ್ನೊಂದು ಕಾರಣಕ್ಕೆ. ನಮ್ಮ ಪಠ್ಯದ ತುಂಬ ಅವನ ಊರೇ. ಧಾರವಾಡ ಕ್ರೇಟಾನ್ ಅಂದರೆ ಭೂಮಿಯ ಹೊರಪದರದ ಹಳೆಯ ಗಟ್ಟಿ ತುಂಡು, ಧಾರವಾಡ ಶಿಸ್ಟ್ ಅಂದರೆ ಪದರಪದರದ ಕಲ್ಲು, ಧಾರವಾಡ ಸೂಪರ್‌ಗ್ರೂಪ್ ಅಂದರೆ ಶಿಲಾಪದರಗಳ ದೊಡ್ಡ ಗುಂಪು. ರಾಬರ್ಟ್ ಬ್ರೂಸ್ ಫೂಟ್ ಅನ್ನುವ ಭೂವಿಜ್ಞಾನಿ ಹತ್ತೊಂಬತ್ತನೇ ಶತಮಾನದಲ್ಲಿ ನಮ್ಮ ನಾಡಿನ ಹಳೆಯ ಶಿಲೆಗಳ ಒಂದು ದೊಡ್ಡ ಗುಂಪಿಗೆ ಧಾರವಾಡ ಅಂತ ಹೆಸರಿಟ್ಟು ಹೋದ, ಅದು ಪ್ರಪಂಚದ ಪುಸ್ತಕಗಳಲ್ಲೆಲ್ಲ ನಿಂತುಬಿಟ್ಟಿತು. ಇದನ್ನು ನಾನೇ ಅವನಿಗೆ ಹೇಳಿದ್ದು. ಹೇಳಬಾರದಿತ್ತೇನೋ! ಆಮೇಲೆ ಯಾವ ಜಗಳವಾದರೂ ಅವನದು ಒಂದೇ ಮಾತು: "ನೀವು ನಿಂತ ನೆಲಾನ ನಮ್ಮ ಹೆಸರಿಲೇ ಐತಿ, ಸುಮ್ನ ಕೂಡ್ರಿ."

ಆಮೇಲಾಮೇಲೆ ಅವರವರ ಊರಿನ ಕಲ್ಲನ್ನು ಅವರವರಿಗೆ ಪರಿಚಯ ಮಾಡಿಸುವುದೇ ನನಗೊಂದು ಚಟವಾಯಿತು. ಕೊಣಾಜೆಯಲ್ಲಿ ಕಾಂಪೌಂಡು, ಮನೆ, ಬಾವಿ ಎಲ್ಲದಕ್ಕೂ ಕೆಂಪುಕಲ್ಲು ಅಲ್ವಾ, ಗುಂಡಿಯಿಂದ ಕಡಿಯುವಾಗ ಮೆತ್ತಗಿದ್ದು ಗಾಳಿ ಬಿಸಿಲು ತಾಕಿದ ಮೇಲೆ ಗಟ್ಟಿಯಾಗುವ ಕಲ್ಲು. ಅದಕ್ಕೆ ಲ್ಯಾಟರೈಟ್ ಅಂತ ಹೆಸರು ಕೊಟ್ಟು 1807ರ ಪುಸ್ತಕದಲ್ಲಿ ಬರೆದವನು ಫ್ರಾನ್ಸಿಸ್ ಬುಕಾನನ್ ಅನ್ನುವ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ. ಟಿಪ್ಪು ಸತ್ತ ಮರುವರ್ಷ ಮೈಸೂರು, ಕೆನರಾ, ಮಲಬಾರ್ ಸುತ್ತಿದವನು ಅವನೇ. "ನಾವು ದಿನಾ ಅದರ ಮೇಲೆ ಉಗುಳ್ತೇವೆ ಮಾರಾಯ, ಅದಕ್ಕೂ ಪುಸ್ತಕ ಉಂಟಾ?" ಅಂತ ಅವನ ಸ್ಕ್ರ್ಯಾಪ್ ಬಂತು. ಶಂಕರಘಟ್ಟಕ್ಕೆ ಬಾಬಾಬುಡನ್ ಸಾಲಿನ ಕಬ್ಬಿಣದ ಅದಿರಿನ ಕತೆ ಹೇಳಿದೆ. ಕೆಮ್ಮಣ್ಣುಗುಂಡಿಯ ಅದಿರು ಇಳಿದು ಬಂದು ಭದ್ರಾವತಿಯಲ್ಲಿ 1923ರಿಂದ ಕಬ್ಬಿಣವಾಗುತ್ತಿತ್ತು. ಅವಳು ವಾರವಾರ ಬಸ್ಸು ಬದಲಿಸುತ್ತಿದ್ದ ಊರು ಅದು.

ಮೊನ್ನೆಯ ಕಾಲ್‌ನಲ್ಲಿ ಶಂಕರಘಟ್ಟ ಒಂದು ಬಾಂಬು ಹಾಕಿದಳು. ಆರ್ಕುಟ್ ಮುಚ್ಚಿದ ಮೇಲೂ 2016ರವರೆಗೆ ನಮ್ಮ ನಮ್ಮ ಮಾಹಿತಿಯನ್ನು ಇಳಿಸಿಕೊಳ್ಳಲು ಅವಕಾಶ ಇತ್ತಲ್ಲ, ಅವಳು ತನ್ನದನ್ನೆಲ್ಲ ಇಳಿಸಿಟ್ಟುಕೊಂಡಿದ್ದಾಳೆ. ನಾವು ಮೂವರು ಆ ಗೋಜಿಗೇ ಹೋಗಿರಲಿಲ್ಲ. "ಓದಲಾ?" ಅಂದಳು. ಕೊಣಾಜೆ ಬೇಡ ಬೇಡ ಅನ್ನುತ್ತಿದ್ದಂತೆಯೇ ಶುರು ಮಾಡಿದಳು.

ನಾನು ಬರೆದದ್ದು ಮರಡಿಹಳ್ಳಿಯ ಬಗ್ಗೆ. ಚಿತ್ರದುರ್ಗದ ಹತ್ತಿರದ ಊರು. ಫೀಲ್ಡ್ ಟ್ರಿಪ್ಪಿಗೆ ಹೋಗಿದ್ದೆವು. ಮಟಮಟ ಮಧ್ಯಾಹ್ನ, ಮರವೇ ಇಲ್ಲದ ದಿಬ್ಬ, ಬಾಟಲಿ ನೀರು ಬಿಸಿ. ಅಲ್ಲಿರುವುದು ಪಿಲ್ಲೋ ಲಾವಾ, ಅಂದರೆ ದಿಂಬುಗಳನ್ನು ಒಟ್ಟಿದ ಹಾಗೆ ಕಾಣುವ ಹಸಿರುಗಪ್ಪು ಕಲ್ಲು. ಸುಮಾರು 250 ಕೋಟಿ ವರ್ಷ ಹಿಂದಿನದು. ಸಮುದ್ರದ ತಳದಲ್ಲಿ ಲಾವಾ ಉಕ್ಕುತ್ತದೆ, ನೀರು ತಾಕಿದ ಕೂಡಲೇ ಹೊರಮೈ ಹೆಪ್ಪುಗಟ್ಟುತ್ತದೆ, ಒಳಗೆ ಇನ್ನೂ ಬಿಸಿ ಇರುವುದರಿಂದ ಎಲ್ಲೋ ಒಂದು ಕಡೆ ಬಿರಿದು ಮತ್ತೊಂದು ಉಂಡೆ ಹೊರಗೆ ಬರುತ್ತದೆ. ಹೀಗೆ ಒಂದರ ಮೇಲೊಂದು. ಮೇಲಿನದು ಇನ್ನೂ ಮೆತ್ತಗಿರುವಾಗ ಕೆಳಗಿನ ಎರಡರ ಸಂದಿಗೆ ಇಳಿದು ಕೂರುವುದರಿಂದ ಅದರ ಅಡಿ ಚೂಪು, ನೆತ್ತಿ ದುಂಡು. ನೆಲ ಎಷ್ಟೇ ಮಗುಚಿದ್ದರೂ ಈ ಆಕಾರ ನೋಡಿ ಆಗ ಯಾವ ಕಡೆ ಮೇಲಿತ್ತು ಅಂತ ಹೇಳಬಹುದು. ನಮ್ಮ ಮೇಷ್ಟ್ರು ವಿವರಿಸಲಿಲ್ಲ. ಒಬ್ಬೊಬ್ಬರನ್ನೇ ಕರೆದು, ಬೆರಳಿನಿಂದ ಒಂದು ದಿಂಬಿನ ಅಂಚು ಸವರಿಸಿ, "ಯಾವುದು ಮೇಲೆ?" ಅಂತ ಕೇಳಿದರು. ಅಂಚಿನಲ್ಲಿ ತೆಳ್ಳನೆ ನುಣುಪಾದ ಪದರ, ಬೇಗ ತಣಿದ ಭಾಗ ಅದು. ಒಳಗೆ ಹೋದಂತೆ ತರಿತರಿ.

ಇಷ್ಟನ್ನೂ ನಾನು ಮರುದಿನ ಸೈಬರಿನಲ್ಲಿ ಕೂತು ಇತಿಹಾಸ ಓದುವವನಿಗೂ ಎಂ.ಕಾಂ. ಓದುವವನಿಗೂ ತಿಳಿಯುವ ಹಾಗೆ ಬರೆದಿದ್ದೆ. ಧಾರವಾಡದ ಉತ್ತರವನ್ನೂ ಅವಳು ಓದಿದಳು: "ಚಿತ್ರದುರ್ಗದಾಗ ಸಮುದ್ರ? ಕುಡ್ಯಾಕ ನೀರಿಲ್ಲ ಅಲ್ಲೆ!"

ನಕ್ಕೂ ನಕ್ಕೂ ಸಾಕಾಯಿತು. ಆಮೇಲೆ ನನಗೆ ಅನ್ನಿಸಿದ್ದು ಹೇಳುತ್ತೇನೆ. ಅದೇ ಟ್ರಿಪ್ಪಿಗೆ ಬಂದಿದ್ದ ನಮ್ಮ ಬ್ಯಾಚಿನವರದು ಒಂದು ವಾಟ್ಸಾಪ್ ಗುಂಪಿದೆ. ಮರಡಿಹಳ್ಳಿ ನೆನಪಿದೆಯಾ ಅಂತ ಕೇಳಿದೆ. ಬಸ್ಸು ಪಂಕ್ಚರ್ ಆಗಿದ್ದು ನೆನಪಿದೆ ಅಂದರು, ಯಾರಿಗೋ ವಾಂತಿ ಆಗಿದ್ದು ನೆನಪಿದೆ ಅಂದರು. ಮೇಷ್ಟ್ರು ಬೆರಳು ಹಿಡಿದು ಸವರಿಸಿದ್ದು ಒಬ್ಬರಿಗೂ ನೆನಪಿಲ್ಲ. ನನಗೂ ಇರುತ್ತಿರಲಿಲ್ಲ, ನೋಡದ ಮೂವರಿಗೆ ಬರೆದು ಹೇಳಬೇಕಾಗಿ ಬಂದದ್ದರಿಂದ ಉಳಿಯಿತು. ಕುಕ್ಕರಹಳ್ಳಿ ಕೆರೆಯ ಹೆಜ್ಜಾರ್ಲೆಗಳು, ಜಯಲಕ್ಷ್ಮಿ ವಿಲಾಸದ ಮೆಟ್ಟಿಲು, ಚಾಮುಂಡಿ ಬೆಟ್ಟದ ಗ್ರಾನೈಟಿಗೆ ಸುಮಾರು 80 ಕೋಟಿ ವರ್ಷವಷ್ಟೇ, ನಮ್ಮ ಲೆಕ್ಕದಲ್ಲಿ ಅದು ಎಳೆಗೂಸು ಅಂತ ಕ್ಲಾಸಿನಲ್ಲಿ ಹೇಳಿದ್ದು, ನನ್ನ ತಲೆಯಲ್ಲಿ ಉಳಿದಿರುವ ಗಂಗೋತ್ರಿ ಹೆಚ್ಚುಕಡಿಮೆ ನಾನು ಅವರಿಗೆ ಬರೆದ ಗಂಗೋತ್ರಿಯೇ. ಬರೆಯದೆ ಬಿಟ್ಟ ಭಾಗ, ಉದಾಹರಣೆಗೆ ಎರಡನೇ ಸೆಮಿಸ್ಟರಿನ ಯಾವ ಪಾಠವೂ, ಈಗ ಇಲ್ಲ.

ಬರೆಯದೆ ಬಿಟ್ಟದ್ದು ಅವರ ಕಡೆಯೂ ಇತ್ತು. ಸ್ಕ್ರ್ಯಾಪ್‌ಬುಕ್ಕು ಆಗ ಯಾರು ಬೇಕಾದರೂ ಓದುವಂಥದ್ದು, ನಾಲ್ಕು ಜನ ನೋಡಬಹುದಾದದ್ದನ್ನೇ ಬರೆಯುತ್ತಿದ್ದೆವು. ಕೊಣಾಜೆ ರಾತ್ರಿಯಿಡೀ ಆನ್‌ಲೈನ್ ಇರುತ್ತಿದ್ದ, ಮನೆಯಲ್ಲೇ ಬ್ರಾಡ್‌ಬ್ಯಾಂಡ್ ಇರುವ ಸಾಹುಕಾರ ಅಂತ ನಾವು ನಂಬಿದ್ದೆವು, ಅವನೂ ಇಲ್ಲ ಅನ್ನಲಿಲ್ಲ. ಅವನು ಇದ್ದದ್ದು ಮಂಗಳೂರಿನ ಒಂದು ಟ್ರಾವೆಲ್ಸ್ ಆಫೀಸಿನಲ್ಲಂತೆ. ಹಗಲು ಕ್ಲಾಸು, ರಾತ್ರಿ ಬೆಂಗಳೂರು ಬಸ್ಸಿನ ಟಿಕೆಟ್ ಬರೆಯುವ ಕೆಲಸ. ಮಾತಿನ ಮಧ್ಯೆ ಹೇಳದೆ ಕೇಳದೆ ಮಾಯವಾಗುತ್ತಿದ್ದದ್ದಕ್ಕೆ ನಾವು ಅವನನ್ನು ಎಷ್ಟು ಬೈದಿದ್ದೇವೆ! ಗಿರಾಕಿ ಬಂದಿರುತ್ತಿದ್ದರಂತೆ. ಧಾರವಾಡ ಸಪ್ತಾಪುರದ ರೂಮಿನಲ್ಲಿ ಐದು ಜನರ ಜೊತೆ ಇದ್ದ. ಗಿರಮಿಟ್ಟು ಮಿರ್ಚಿಯ ಬಗ್ಗೆ ಬಾಯಲ್ಲಿ ನೀರೂರುವಂತೆ ಬರೆಯುತ್ತಿದ್ದನಲ್ಲ, ತಿಂಗಳ ಕೊನೆಗೆ ರಾತ್ರಿಯ ಊಟ ಅದೇ. ಶಂಕರಘಟ್ಟ ಮಳೆಯ ಬಗ್ಗೆ ಬರೆಯುತ್ತಿದ್ದಳು, ಭದ್ರಾ ಕಾಡಿನ ಮಂಜಿನ ಬಗ್ಗೆ. ಓದಿ ನಾವು ಹೊಟ್ಟೆಕಿಚ್ಚು ಪಟ್ಟಿದ್ದೆವು. "ಮೊದಲ ಸೆಮಿಸ್ಟರ್ ಪೂರ್ತಿ ಅಳ್ತಾ ಇದ್ದೆ ಕಣ್ರೋ, ಬಟ್ಟೆ ಒಣಗ್ತಾ ಇರಲಿಲ್ಲ, ಮಾತಾಡೋಕೆ ಜನ ಇರಲಿಲ್ಲ" ಅಂದಳು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಧಾರವಾಡ, "ಹಂಗಾರ ಸಾಂಬಾರಿನ ಜಗಳದಾಗ ಸುಳ್ಳ ಹೇಳಿದವರು ಯಾರ‍್ಯಾರು ಮೊದಲ ಕೈ ಎತ್ರಿ" ಅಂದ. ನಾಲ್ಕು ಕೈಯೂ ಎದ್ದವು.

ಈ ಸಂಚಿಕೆ ಓದುತ್ತಿರುವ ಭೂವಿಜ್ಞಾನ ವಿಭಾಗದವರಲ್ಲಿ ಒಂದು ಕೋರಿಕೆ ಇದೆ. ಈ ಸಲ ಡಿಸೆಂಬರಿನಲ್ಲಿ ಕೊಣಾಜೆ ರಜೆಗೆ ಬರುತ್ತಾನೆ. ಎಲ್ಲರಿಗೂ ಮಧ್ಯದ ಜಾಗ ಅಂತ ನೋಡಿದರೆ ಚಿತ್ರದುರ್ಗವೇ ಸರಿ, ಅಲ್ಲಿಂದ ಮರಡಿಹಳ್ಳಿಗೆ ಹೋಗುವುದು ಅಂತಾಗಿದೆ. ಆ ಹೊತ್ತಿಗೆ ನಿಮ್ಮ ಫೀಲ್ಡ್ ಟ್ರಿಪ್ಪೂ ಆ ಕಡೆ ಇದ್ದರೆ ದಿನಾಂಕ ತಿಳಿಸಿ. ನಾವು ಹಿಂದೆ ನಿಂತು ಪಾಠ ಕೇಳುತ್ತೇವೆ, ತೊಂದರೆ ಕೊಡುವುದಿಲ್ಲ. ಸುತ್ತಿಗೆ ತರುವುದಿಲ್ಲ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಅಲ್ಲಿ ಒಡೆಯುವ ಹಾಗಿಲ್ಲ ಅಂತ ಮೂವರಿಗೂ ಹೇಳಿ ಆಗಿದೆ. ಧಾರವಾಡ ಪೇಡೆ ತರುತ್ತಾನೆ, ಎಲ್ಲರಿಗೂ ಸಾಲುವಷ್ಟು. ಮಧ್ಯಾಹ್ನದ ಸಾಂಬಾರು ಮಾತ್ರ ನಿಮ್ಮ ಕಡೆಯಿಂದ ಆಗಲಿ, ಗಂಗೋತ್ರಿಯದು ಎಷ್ಟು ನೀರು ಅಂತ ಅವರೇ ನೋಡಲಿ.